ಚಿಂದಿ, ಒಳಗೆ ಐದು

ಮಾರ್ಚ್ 4, ಸೋಮವಾರ

ಎಂಟಕ್ಕೆ ಶೆಡ್ ತೆಗೆದೆ. ಬೀಗ ತುಕ್ಕು ಹಿಡಿದಿದೆ. ಎಣ್ಣೆ ಬಿಡಬೇಕು ಅಂತ ಮೂರು ವಾರದಿಂದ ಬರೆಯುತ್ತಲೇ ಇದ್ದೇನೆ. ಕಂಡವರ ಇಂಜಿನ್‌ಗೆಲ್ಲ ಎಣ್ಣೆ ಬಿಡುವವನ ಬೀಗದ ಗತಿ ಇದು.

ನೀರೆತ್ತುವ ಪಂಪ್ ಒಂದು ಬಿಚ್ಚಿ ಕಟ್ಟಿದೆ. ಚಿಂದಿ ಒಳಗೆ 3, ಹೊರಗೆ 3. ಗೇರ್‌ಬಾಕ್ಸ್ ಒಂದು ಮುಚ್ಚಿದೆ. ಒಳಗೆ 6, ಹೊರಗೆ 6. ಕೆಲಸ ಕಲಿಸಿದ ಮುದುಕ ಮೇಸ್ತ್ರಿ ಹಾಕಿಕೊಟ್ಟ ಅಭ್ಯಾಸ. ಒರೆಸೋಕೆ ಎಷ್ಟು ಚೂರು ಬಟ್ಟೆ ತಗೊಂಡೆ, ಮುಚ್ಚುವಾಗ ಎಷ್ಟು ಕೈಗೆ ವಾಪಸ್ ಬಂತು, ಬರೆದಿಡಬೇಕು. "ಹೊಟ್ಟೆಯೊಳಗೆ ಹತ್ತಿ ಬಿಟ್ರೆ ರೋಗಿ ಅವತ್ತೇ ಕಿರುಚ್ತಾನೆ ಕಣೋ, ಇಂಜಿನ್ ನಿಧಾನಕ್ಕೆ ಕಿರುಚುತ್ತೆ" ಅಂತಿದ್ದ. ಮೂವತ್ತೆರಡು ವರ್ಷ ಆಯ್ತು. ಒಂದು ಸಲವೂ ತಪ್ಪಿಲ್ಲ.

ಹನ್ನೊಂದಕ್ಕೆ ಅಕ್ಕ ಬಂದಳು. ಕೈಯಲ್ಲಿ ಆ ಚೀಲ. ಅವಳು ಬಟ್ಟೆ ಹೊಲಿಯುತ್ತಾಳೆ. ಕತ್ತರಿಸಿ ಉಳಿದ ಚೂರುಗಳನ್ನೆಲ್ಲ ತುಂಬಿ ತಿಂಗಳಿಗೊಂದು ಚೀಲ ನನಗೆ. ನನ್ನ ಚಿಂದಿ ಎಲ್ಲ ಅವಳದ್ದೇ. ಭಾವ ಹೋದ ಮೇಲೆ ಚೀಲ ಬಂದಿರಲಿಲ್ಲ. ಮೂರು ತಿಂಗಳಲ್ಲಿ ಇದೇ ಮೊದಲು.

ಕೂತ್ಕೋ ಅಂದೆ. ಕೂರಲಿಲ್ಲ. 

"ಟ್ರ್ಯಾಕ್ಟರ್‌ನ ಇಟ್ಟಿಗೆ ಭಟ್ಟಿಯವರು ತಗೋತೀನಿ ಅಂದ್ರು ಕಣೋ. ಮಡ್‌ಗಾರ್ಡು ಅವರೇ ಬಡಿಸಿ ಸರಿ ಮಾಡಿದ್ರು, ಎರಡು ದಿನ ಓಡಿಸೂ ನೋಡಿದ್ರು. ಬಿಸಿಯಾದ್ರೆ ನಿಂತುಹೋಗುತ್ತಂತೆ. ಒಂದು ಗಂಟೆ ನಿಲ್ಲದೆ ಓಡಿದ್ರೆ ಸಾಕಂತೆ. ನೋಡಿಕೊಡು. ಒಟ್ನಲ್ಲಿ ಅದು ನನ್ನ ಕಣ್ಣೆದುರಿಂದ ತೊಲಗಲಿ."

ಬಿಸಿಯಾದ್ರೆ ನಿಂತುಹೋಗುತ್ತೆ. ಭಾವನೂ ಇದೇ ಮಾತು ಹೇಳಿದ್ದರು. ನವೆಂಬರಲ್ಲಿ, ಇದೇ ಬಾಗಿಲಲ್ಲಿ ನಿಂತು, ಎರಡು ಸಲ. 

ಇದನ್ನ ಬರೆಯಬಾರದು ಅಂದುಕೊಂಡಿದ್ದೆ.

ಮಾರ್ಚ್ 5, ಮಂಗಳವಾರ

ಬೆಳಿಗ್ಗೆ ಅಕ್ಕನ ಮನೆಯಿಂದ ಟ್ರ್ಯಾಕ್ಟರ್ ತಂದೆ. ಅರ್ಧ ದಾರಿಗೆ ನಿಂತಿತು. ಹದಿನೈದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಹೊರಟಿತು. ನಾಟಕದ್ದು.

ಈ ಮುದಿ ಗಾಡಿ ನನಗಿಂತ ಹನ್ನೊಂದು ವರ್ಷ ಚಿಕ್ಕದು ಅಷ್ಟೇ. ಇದರ ಒಂದೊಂದು ಬೋಲ್ಟೂ ಗೊತ್ತು. ಸ್ಕ್ರೂಡ್ರೈವರ್ ತುದಿ ಇಂಜಿನ್‌ಗೆ, ಹಿಡಿ ಕಿವಿಗೆ — ಅದಕ್ಕೇ ಜನ ನನಗೆ ಕಿವಿ ಮೇಸ್ತ್ರಿ ಅನ್ನೋದು. ಭಾವ ಮಾತ್ರ "ಏನಯ್ಯಾ ಕಿವಿ ಡಾಕ್ಟ್ರೇ" ಅಂತಿದ್ದರು.

ಬಿಸಿಯಾದ್ರೆ ತಾನೇ? ಮೊದಲು ನೀರು. ರೇಡಿಯೇಟರ್ ತೊಳೆದೆ, ಫ್ಯಾನ್ ಬೆಲ್ಟ್ ಬಿಗಿ ಮಾಡಿದೆ. ಥರ್ಮೋಸ್ಟಾಟ್ ಬಿಚ್ಚಿ ಕುದಿಯೋ ನೀರಲ್ಲಿ ಹಾಕಿದೆ. ಬಾಯಿ ಬಿಟ್ಟಿತು. ಸರಿಯಾಗಿದೆ. ಇವಳು ಅಡುಗೆಮನೆಯಿಂದಲೇ, "ಪಾತ್ರೆ ನಂದು, ಬೇಯಿಸ್ತಿರೋದು ಕಬ್ಬಿಣ. ನಿಮ್ಮನ್ನ ಕಟ್ಕೊಂಡು ಇನ್ನೇನೇನು ನೋಡ್ಬೇಕೋ" ಅಂದಳು. ಮದುವೆಯಾಗಿ ಮೂವತ್ತು ವರ್ಷದ ಹೆಂಡತಿ. ನಗಬೇಕಿತ್ತು, ನಗಲಿಲ್ಲ.

ಚಿಂದಿ ಒಳಗೆ 4, ಹೊರಗೆ 4.

ಮಾರ್ಚ್ 6, ಬುಧವಾರ

ಶೆಡ್‌ನಲ್ಲೇ ನಿಲ್ಲಿಸಿ ಸ್ಟಾರ್ಟ್ ಮಾಡಿ ಬಿಟ್ಟೆ. ಒಂದು ಗಂಟೆ ಹತ್ತು ನಿಮಿಷ. ಬಾನೆಟ್ ಮೇಲೆ ಕೈ ಇಡೋಕೆ ಆಗಲ್ಲ, ಅಷ್ಟು ಬಿಸಿ. ನಿಲ್ಲಲಿಲ್ಲ! ಕಿವಿ ಕೊಟ್ಟು ಕೇಳಿದೆ. ಒಳಗೆ ಎಲ್ಲ ಸರಿಯಾಗಿದೆ. ಮುದುಕನ ಕೆಮ್ಮು, ಅಷ್ಟೇ.

ಗೆದ್ದೆ ಅಂದುಕೊಂಡು ರಸ್ತೆಗೆ ತೆಗೆದೆ. ಇಪ್ಪತ್ತೆರಡನೇ ನಿಮಿಷಕ್ಕೆ ಎಳೆತ ಬಿಟ್ಟಿತು. ಏದುಸಿರು. ಒಂದು ಸಲ ಮೇಲೆ, ಒಂದು ಸಲ ಕೆಳಗೆ. ಕಪ್ಪು ಹೊಗೆ ಇಲ್ಲ. ಆಮೇಲೆ ಸತ್ತಿತು.

ಕಲ್ಲಿನ ಮೇಲೆ ಕೂತು ಕಾದೆ. ಸುಮ್ಮನೆ ಕೂತರೆ ಬೇಡದ್ದೆಲ್ಲ ತಲೆಗೆ ಬರುತ್ತೆ. ಭಾವ ಗಾಡಿ ಸಮೇತ ಉರುಳಿ ಸತ್ತ ದಿನ, ನಾಲೆ ಏರಿಯ ಮೇಲೂ ಹೀಗೇ ನಿಂತಿತಾ? ಹಿಂದೆ ಟ್ರೈಲರ್ ತುಂಬ ಕಲ್ಲು. ಏರು ಹತ್ತುವಾಗ ಇಂಜಿನ್ ಸತ್ತರೆ? ಮತ್ತೆ ಸ್ಟಾರ್ಟ್ ಮಾಡೋಕೆ ಕ್ಲಚ್ ತುಳಿಯಬೇಕು. ತುಳಿದ ಕೂಡಲೇ ಲೋಡು ಹಿಂದಕ್ಕೆ ಎಳೆಯುತ್ತೆ. ಈ ಗಾಡಿಯ ಬ್ರೇಕಿಗೆ ಅಷ್ಟು ಕಲ್ಲು ಹಿಡಿಯೋ ಶಕ್ತಿ ಎಲ್ಲಿಂದ ಬರಬೇಕು.

ಇಲ್ಲ. ಭಾವ ಕುಡಿದಿದ್ದರು. ಟೂಲ್ ಬಾಕ್ಸಲ್ಲಿ ಬಾಟಲಿ ಸಿಕ್ಕಿತ್ತು. ಎಲ್ಲರೂ ನೋಡಿದ್ದಾರೆ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ — ಇವತ್ತು ಹಾಗಾಯಿತು ನನ್ನ ಕೆಲಸ. ನೀರಿನದ್ದಲ್ಲ ಈ ಕಾಯಿಲೆ. ನಾಳೆ ಡೀಸೆಲ್ ಲೈನ್.

ಮಾರ್ಚ್ 7, ಗುರುವಾರ

ಎರಡೂ ಫಿಲ್ಟರ್ ಹೊಸದು. ಪೈಪಿನ ಜಾಯಿಂಟುಗಳ ವಾಷರ್ ಹೊಸದು. ಲೈನಲ್ಲಿದ್ದ ಗಾಳಿ ಪೂರ್ತಿ ತೆಗೆದೆ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯ ತೂತು ಕಟ್ಟಿರಬಹುದು ಅಂತ ಸೂಜಿ ಹಾಕಿ ನೋಡಿದೆ. ತೂತು ತೆರೆದೇ ಇದೆ. ಓಡಿಸಿದೆ. ಇಪ್ಪತ್ತು ನಿಮಿಷ. ನಿಂತಿತು. ಮುಚ್ಚಳ ತೆಗೆದಿಟ್ಟೇ ಓಡಿಸಿದೆ. ಆಗಲೂ ನಿಂತಿತು. ಇದರ ಮನೆ ಹಾಳಾಗ!

ಒಳಗೆ 4, ಹೊರಗೆ 4.

ಸಂಜೆ ಅಕ್ಕನ ಮನೆಗೆ ಹೋದೆ, ಗಾಡಿ ಇನ್ನೂ ಸರಿಹೋಗಿಲ್ಲ ಅಂತ ಹೇಳೋಕೆ. ಅಡುಗೆಮನೆಯಲ್ಲಿ ಕೂರಿಸಿ ಟೀ ಕೊಟ್ಟಳು. ಅಲ್ಲೇ ಕಿಟಕಿ ಪಕ್ಕ ಅವಳ ಹೊಲಿಗೆ ಮೆಷಿನ್. ಕಿಟಕಿಗೆ ಹಳದಿ ಪರದೆ, ಮೇಲೆಲ್ಲ ಸಣ್ಣ ಸಣ್ಣ ಕಪ್ಪು ಚುಕ್ಕೆ. ಹೋದ ವರ್ಷ ಮನೆಗೆ ಸುಣ್ಣ ಬಳಿದಾಗ ಭಾವನೇ ಆರಿಸಿ ತಂದ ಬಟ್ಟೆ. "ಪರಂಗಿ ಹಣ್ಣು ಹೆಚ್ಚಿಟ್ಟ ಹಾಗಿದೆ, ಮರ್ಯಾದಸ್ಥರ ಮನೇಲಿ ಹಾಕೋ ಬಣ್ಣಾನಾ ಇದು" ಅಂತ ಅಕ್ಕ ಬೈದಿದ್ದಳು. ಬೈಕೊಂಡೇ ಹೊಲಿದು ಹಾಕಿದ್ದಳು.

ಬೀರುವಿನ ಮೇಲೆ ಭಾವನ ಫೋಟೋ. ಗೋಡೆಗೆ ಮುಖ ಮಾಡಿ ಇಟ್ಟಿದ್ದಾಳೆ. ನಾನು ನೋಡಿದ್ದು ಅವಳಿಗೂ ಕಂಡಿತು.

"ಆ ಮುಖ ನೋಡೋಕಾಗಲ್ಲ ಕಣೋ ನಂಗೆ. ಸತ್ತಿದ್ದಕ್ಕಲ್ಲ. ಸಾಯೋದು ಎಲ್ರಿಗೂ ಇದ್ದದ್ದೇ. ಆರು ತಿಂಗಳಿಂದ ಮುಟ್ಟಿಲ್ಲ, ನಿನ್ನಾಣೆ ಅಂದ್ರು. ತಲೆ ಮೇಲೆ ಕೈ ಇಟ್ಟು ಹೇಳಿದ್ರು. ನಂಬಿದ್ದೆ. ಪಕ್ಕದ ಮನೆಯವರ ಹತ್ರ ಹೇಳ್ಕೊಂಡು ತಿರುಗಿದ್ದೆ, ನಮ್ಮೆಜಮಾನ್ರು ಬಿಟ್ಬಿಟ್ರು ಅಂತ. ದಡ್ಡಿ ನಾನು."

ಟೀ ಲೋಟ ಕೆಳಗಿಟ್ಟೆ.

"ಪೋಸ್ಟ್‌ಮಾರ್ಟಂ ರಿಪೋರ್ಟು ಬಂದಿದೆ, ತಗೊಂಡು ಹೋಗಿ ಅಂತ ಆಸ್ಪತ್ರೆಯವರು ಎರಡು ಸಲ ಹೇಳಿ ಕಳಿಸಿದ್ರು. ನಾನು ಹೋಗಿಲ್ಲ. ಗೊತ್ತಿರೋದನ್ನ ಕಾಗದದಲ್ಲಿ ಬೇರೆ ಓದ್ಬೇಕಾ? ನೀನೇ ಹೇಳಿದ್ಯಲ್ಲ ಅವತ್ತು."

ಹೌದು. ನಾನೇ ಹೇಳಿದ್ದು. ನಾಲೆ ಏರಿಯ ಕೆಳಗೆ, ಅಷ್ಟು ಜನರ ಮಧ್ಯೆ. ಯಾರೋ ಟೂಲ್ ಬಾಕ್ಸಿನ ಮುಚ್ಚಳ ಎತ್ತಿದರು, ಒಳಗೆ ಬಾಟಲಿ ಕಂಡಿತು. ನಾನು ಅದನ್ನ ಮುಟ್ಟಲೂ ಇಲ್ಲ. "ಮತ್ತೆ ಶುರು ಹಚ್ಕೊಂಡಿದ್ರು" ಅಂದೆ. ಅಕ್ಕ ಪಕ್ಕದಲ್ಲೇ ನಿಂತಿದ್ದಳು. ಅಳ್ತಾ ಇದ್ದವಳು ನಿಲ್ಲಿಸಿಬಿಟ್ಟಳು. ಆಮೇಲೆ ಅವಳು ಅತ್ತಿದ್ದನ್ನ ನಾನು ನೋಡಿಲ್ಲ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅಮ್ಮ ದಿನಕ್ಕೆ ಹತ್ತು ಸಲ ಹೇಳೋಳು. ಟೀ ಆರಿಹೋಗಿತ್ತು. ಕುಡಿದು ಬಂದೆ.

ಮಾರ್ಚ್ 9, ಶನಿವಾರ

ನಿನ್ನೆ ಏನೂ ಮಾಡಲಿಲ್ಲ. ಮೈ ಸರಿ ಇಲ್ಲ ಅಂತ ಮಲಗಿದೆ. ಮೈಗೇನೂ ಆಗಿರಲಿಲ್ಲ.

ಇವತ್ತು ಹದಿಮೂರನೇ ನಂಬರ್ ಸ್ಪಾನರ್ ಸಿಗಲಿಲ್ಲ. ಭಾವ ತಗೊಂಡು ಹೋಗಿದ್ದು ವಾಪಸ್ ಕೊಟ್ಟಿರಲಿಲ್ಲ ಅಂತ ನೆನಪಾಗಿ ಟ್ರ್ಯಾಕ್ಟರಿನ ಟೂಲ್ ಬಾಕ್ಸ್ ತೆಗೆದೆ. ಮೂರು ತಿಂಗಳಿಂದ ಯಾರೂ ಕೈ ಹಾಕಿಲ್ಲ ಅದಕ್ಕೆ. ಸ್ಪಾನರ್ ಇತ್ತು. ಒರೆಸಿ ಇಟ್ಟಿದ್ದರು. ಪಕ್ಕದಲ್ಲಿ ಬಾಟಲಿ, ಅದೇ. ಕಾಲು ಲೀಟರಿಗೂ ಕಮ್ಮಿಯದು. ತಳದಲ್ಲಿ ಎರಡು ಬೆರಳು ಉಳಿದಿದೆ. ಬಿಸಾಡೋಣ ಅಂತ ಮುಚ್ಚಳ ತಿರುಗಿಸಿದೆ.

ಡೀಸೆಲ್.

ಮತ್ತೆ ಮೂಸಿದೆ. ಅಂಗೈಗೆ ಸುರಿದು ಉಜ್ಜಿದೆ. ನಾಲಗೆ ತುದಿಗೂ ಹಚ್ಚಿ ನೋಡಿದೆ, ಥೂ ಅಂತ ಉಗಿದೆ. ಡೀಸೆಲ್ಲೇ. ಬಾಟಲಿ ಕೆಳಗೆ ಒಂದು ತುಂಡು ರಬ್ಬರ್ ಪೈಪು ಸುರುಳಿ ಸುತ್ತಿಟ್ಟಿದ್ದಾರೆ.

ದಾರಿ ಮಧ್ಯೆ ಇಂಜಿನ್ ಒಣಗಿ ನಿಂತರೆ ಹೀಗೇ ಮಾಡೋದು. ಫಿಲ್ಟರ್ ಬಟ್ಟಲಿಗೆ ಸ್ವಲ್ಪ ಡೀಸೆಲ್ ಸುರಿದು, ಗಾಳಿ ತೆಗೆದು, ಮತ್ತೆ ಸ್ಟಾರ್ಟ್. ನಾನೇ ಹೇಳಿಕೊಟ್ಟಿದ್ದು ಅವರಿಗೆ, ಎಷ್ಟೋ ವರ್ಷದ ಹಿಂದೆ.

ಅಂದರೆ ಗಾಡಿ ನಿಲ್ಲುತ್ತಿತ್ತು. ಪದೇ ಪದೇ. ನನ್ನ ಹತ್ತಿರ ಬಂದರು, ನಾನು ನಕ್ಕೆ. ಆಮೇಲೆ ಬರೋದು ಬಿಟ್ಟು ಬಾಟಲಿ ಇಟ್ಟುಕೊಂಡರು. 

ಏನಂದಿದ್ದೆ ಅನ್ನೋದೂ ನೆನಪಿದೆ. "ಟ್ರ್ಯಾಕ್ಟರು ಕುಡಿಯೋದು ಡೀಸೆಲ್ಲು ಭಾವ. ನಿಲ್ಲೋದು ಅದಲ್ಲ, ನೀವೇನು ಕುಡಿದು ಓಡಿಸ್ತೀರಿ ಅನ್ನೋದು ಹೇಳಿ ಮೊದ್ಲು." ಗೇರ್‌ಬಾಕ್ಸ್ ಗಿರಾಕಿಗಳಿಬ್ಬರು ಇದ್ದರು. ಇಬ್ಬರೂ ನಕ್ಕರು. ಭಾವ ಸ್ಪಾನರ್ ಒಂದು ಕೇಳಿ ತಗೊಂಡು ಹೋದರು.

ಈ ಸ್ಪಾನರ್.

ಮಾರ್ಚ್ 11, ಸೋಮವಾರ, ಬೆಳಿಗ್ಗೆ 10

ಸಿಕ್ಕಿತು. ಪೂರ್ತಿ ಅಲ್ಲ, ಅರ್ಧ.

ಏಳಕ್ಕೇ ತೆಗೆದೆ. ಚಳಿ ಇತ್ತು. ರಸ್ತೆ ಬಿಟ್ಟು ಬೇಕಂತಲೇ ಉಬ್ಬು ತಗ್ಗಿರೋ ದಾರಿಯಲ್ಲಿ ಪೂರ್ತಿ ರೈಸ್ ಮಾಡಿ ಓಡಿಸಿದೆ. ಎಂಟೇ ನಿಮಿಷ. ನಿಂತಿತು. ಇಳಿದು ರೇಡಿಯೇಟರ್ ಮುಟ್ಟಿದೆ. ಉಗುರು ಬೆಚ್ಚಗೆ. ಇಂಜಿನ್ ಮೇಲೆ ಆರಾಮಾಗಿ ಕೈ ಇಡಬಹುದು.

ಬಿಸಿಯೇ ಅಲ್ಲ. ಬಿಸಿಗೂ ಇದಕ್ಕೂ ಸಂಬಂಧವೇ ಇಲ್ಲ. ಸ್ವಲ್ಪ ಹೊತ್ತು ಓಡಬೇಕು, ಕುಲುಕಬೇಕು, ಡೀಸೆಲ್ ಜೋರಾಗಿ ಎಳೆಯಬೇಕು. ಅಷ್ಟು ಹೊತ್ತಿಗೆ ಹೆಂಗೂ ಇಂಜಿನ್ ಬಿಸಿಯಾಗಿರುತ್ತೆ. ಅದಕ್ಕೇ ಎಲ್ಲರೂ ಬಿಸಿ ಬಿಸಿ ಅಂದಿದ್ದು. ಶೆಡ್‌ನಲ್ಲಿ ಸುಮ್ಮನೆ ನಿಂತು ಓಡಿದಾಗ ನಿಲ್ಲದೇ ಇದ್ದದ್ದೂ ಇದಕ್ಕೇ.

ನಿಂತ ಜಾಗದಲ್ಲೇ ಟ್ಯಾಂಕಿಂದ ಬರೋ ಪೈಪ್ ಬಿಚ್ಚಿದೆ. ಡೀಸೆಲ್ ಬರಬೇಕು ಧಾರೆಯಾಗಿ. ಬಂದದ್ದು ಹನಿ. ಹನಿ... ಹನಿ. ಹತ್ತು ನಿಮಿಷ ಬಿಟ್ಟೆ. ಒಳಗೇನೋ ಬಿಟ್ಟುಕೊಂಡ ಹಾಗೆ, ತಾನಾಗೇ ಧಾರೆ ಶುರುವಾಯಿತು.

ಟ್ಯಾಂಕಿನೊಳಗೆ ಏನೋ ಇದೆ. ತೇಲಿಕೊಂಡು ಬಂದು ಬಾಯಿಗೆ ಕೂರುತ್ತೆ. ಇಂಜಿನ್ ನಿಂತರೆ ಬಿಟ್ಟುಕೊಂಡು ಹೋಗುತ್ತೆ.

ಎಲೆ ಇರಬಹುದು. ಪ್ಲಾಸ್ಟಿಕ್ ಇರಬಹುದು. ಡೀಸೆಲ್ ತುಂಬುವಾಗ ಏನು ಬೇಕಾದರೂ ಬಿದ್ದಿರಬಹುದು. ಇರಬಹುದು ಅಲ್ವಾ?

ಅದೇ ದಿನ, ಮಧ್ಯಾಹ್ನ 3

ಟ್ಯಾಂಕ್ ಖಾಲಿ ಮಾಡಿ ಟಾರ್ಚ್ ಬಿಟ್ಟೆ. ಮೂಲೆಯಲ್ಲಿ ಕಪ್ಪಗೆ ಮುದುಡಿಕೊಂಡು ಏನೋ. ತಂತಿ ಬಗ್ಗಿಸಿ ಕೊಕ್ಕೆ ಮಾಡಿ ಎಳೆದೆ.

ಬಟ್ಟೆ. ಅಂಗೈಯಷ್ಟು. ಹಿಂಡಿದೆ. ಸೋಪು ಹಾಕಿ ತೊಳೆದೆ. 

ಹಳದಿ. ಸಣ್ಣ ಸಣ್ಣ ಕಪ್ಪು ಚುಕ್ಕೆ. ಒಂದು ಅಂಚಿನಲ್ಲಿ ಅಕ್ಕನ ಕತ್ತರಿಯ ಹಲ್ಲು ಹಲ್ಲು ಗುರುತು.

ಶೆಡ್ ಬಾಗಿಲು ಹಾಕಿಕೊಂಡೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಹುಡುಕಿದೆನಲ್ಲ ಒಂದು ವಾರ. ನೀರಲ್ಲಿ ಹುಡುಕಿದೆ, ಗಾಳಿಯಲ್ಲಿ ಹುಡುಕಿದೆ, ಸತ್ತವರ ಬಾಯಲ್ಲೂ ಹುಡುಕಿದ್ದೆ.

ಹಳೇ ಡೈರಿ ತೆಗೆದೆ. ಹಾಳೆ ತಿರುಗಿಸುವಾಗಲೇ ಗೊತ್ತಿತ್ತು. ಅಕ್ಟೋಬರ್ 17. ಇದ್ದದ್ದು ಇದ್ದ ಹಾಗೆ ಇಳಿಸುತ್ತೇನೆ:

"ಭಾವನ ಟ್ರ್ಯಾಕ್ಟರ್. ಟ್ಯಾಂಕಲ್ಲಿ ತುಕ್ಕು. ತೊಳೆದು ಒರೆಸ್ತಾ ಇದ್ದೆ. ಚಿಂದಿ ಒಳಗೆ 5. ಅಷ್ಟರಲ್ಲಿ ಭಾವ ಬಂದರು, ಕಣ್ಣು ಕೆಂಡ. ಬೆಳಿಗ್ಗೆ ಬೆಳಿಗ್ಗೆನೇ ಏರಿಸಿದ್ದೀರಾ ಅಂದೆ. ನಿದ್ದೆ ಇಲ್ಲ, ಇಡೀ ರಾತ್ರಿ ಕಲ್ಲು ಹೊಡೆದಿದ್ದೀನಿ ಅಂದರು. ನಂಬಬೇಕಂತೆ. ಬಾಯಿ ಮೂಸಿ ನೋಡೋ ಅಂತ ಹತ್ತಿರ ಬಂದರು. ಹೋಗ್ರೀ ಆಚೆ ಅಂತ ತಳ್ಳಿದೆ. ಸಿಟ್ಟಲ್ಲೇ ಎಲ್ಲ ಮುಚ್ಚಿ ಗಾಡಿ ಕಳಿಸಿದೆ. ಚಿಂದಿ ಹೊರಗೆ"

ಅಷ್ಟೇ. ಹೊರಗೆ ಅಂತ ಬರೆದು ಬಿಟ್ಟಿದ್ದೇನೆ. ಮುಂದೆ ಖಾಲಿ.

ಮೂಸಿ ನೋಡೋ ಅಂದಿದ್ದರು. ಮೂಸಿ ನೋಡಿದ್ದರೆ ಆಗುತ್ತಿತ್ತು. ಒಂದು ಉಸಿರಿನ ಕೆಲಸ. ಎಣಿಸುತ್ತಿದ್ದೆ, ನಾಲ್ಕೇ ಇದೆ ಅಂತ ಗೊತ್ತಾಗುತ್ತಿತ್ತು, ಅಲ್ಲೇ ತೆಗೆಯುತ್ತಿದ್ದೆ. ಭಾವ ಇವತ್ತು ಇರುತ್ತಿದ್ದರು.

ಮಾರ್ಚ್ 12, ಮಂಗಳವಾರ

ಇವಳಿಗೆ ಹೇಳಿದೆ. ಹೇಳದೆ ಇರೋಕೆ ಆಗಲಿಲ್ಲ, ಎರಡು ಹೊತ್ತು ಊಟ ಬಿಟ್ಟಿದ್ದೆ. ಬಟ್ಟೆ ತೋರಿಸಿದೆ. ಬಹಳ ಹೊತ್ತು ನೋಡಿದಳು.

"ಯಾರಿಗೆ ಗೊತ್ತು ಇದು?"

"ನಿಂಗೆ, ನಂಗೆ."

"ಹಾಗಾದ್ರೆ ಒಲೆಗೆ ಹಾಕಿ."

ಬಟ್ಟೆ ಮಡಿಸಿ ಕೈಯಲ್ಲೇ ಇಟ್ಟುಕೊಂಡೆ. ಅವಳೇ ಶುರು ಮಾಡಿದಳು. "ಬೇಕಂತ ಮಾಡಿದ್ರಾ ನೀವು? ಸತ್ತವರು ಎದ್ದು ಬರ್ತಾರಾ? ನಿಮ್ಮಕ್ಕಂಗೆ ಇರೋದು ನೀವೊಬ್ರೇ. ಗಂಡನ್ನ ಕಳ್ಕೊಂಡಿದ್ದಾರೆ, ಈಗ ತಮ್ಮನ್ನೂ ಕಳ್ಕೋಬೇಕಾ? ಯಾರ ಉದ್ಧಾರಕ್ಕೆ?"

"ಭಾವ ಕುಡಿದಿರಲಿಲ್ಲ ಕಣೇ."

"ಅದು ಅವರಿಗೆ ಗೊತ್ತಿತ್ತಲ್ಲ."

"ಅಕ್ಕಂಗೆ ಗೊತ್ತಿಲ್ಲ."

ಎದ್ದು ಹೋಗಿ ಪಾತ್ರೆ ತೊಳೆಯೋಕೆ ಕೂತಳು. ತೊಳೆದದ್ದನ್ನೇ ತೊಳೆದಳು. ಕೆಟ್ಟವಳಲ್ಲ. ಹೆದರಿದ್ದಾಳೆ. ನಾನೂ ಹೆದರಿದ್ದೇನೆ, ನಿಜ ಹೇಳಬೇಕಂದರೆ.

ಬಟ್ಟೆ ಒಲೆಗೆ ಹಾಕಲಿಲ್ಲ. ಡೈರಿಯೊಳಗೆ ಇಟ್ಟೆ. ಅದರ ಎಣ್ಣೆ ಹಾಳೆಗೆಲ್ಲ ಇಳಿದಿದೆ.

ಮಾರ್ಚ್ 20, ಬುಧವಾರ

ಎಂಟು ದಿನ ಬರೆದಿಲ್ಲ.

ಟ್ರ್ಯಾಕ್ಟರ್ ಸರಿಯಾಗಿದೆ. ದಿನಾ ಓಡಿಸ್ತೀನಿ. ಒಂದು ಗಂಟೆ, ಒಂದೂವರೆ ಗಂಟೆ. ನಿಲ್ಲೋದೇ ಇಲ್ಲ ದರಿದ್ರದ್ದು. ಒಂದು ಸಲ ನಿಂತಿದ್ದರೆ ಬೇರೇನೋ ಕಾರಣ ಇದೆ ಅಂದುಕೊಳ್ಳಬಹುದಿತ್ತು.

ಭಟ್ಟಿಯವನು ಬಂದಿದ್ದ. "ಏನ್ ಮೇಸ್ತ್ರೀ, ರೋಗ ಸಿಕ್ತಾ?" ಅಂದ. ಪಂಪಿನ ಒಂದು ಪಾರ್ಟ್ ಬರಬೇಕು ಅಂದೆ. ಅಕ್ಕನೂ ಕೇಳಿ ಕಳಿಸಿದ್ದಳು. ಅವಳಿಗೂ ಅದೇ ಪಾರ್ಟ್. ಮೂವತ್ತೆರಡು ವರ್ಷದಲ್ಲಿ ಗಿರಾಕಿಗಳಿಗೆ ಸುಳ್ಳು ಹೇಳಿದ್ದೇನೆ, ಯಾವ ಮೇಸ್ತ್ರಿ ಹೇಳಲ್ಲ. ಇಂದು ಬಾ, ನಾಳೆ ಬಾ. ಆದರೆ ಸರಿಯಾಗಿರೋ ಗಾಡಿಯನ್ನ ಕೆಟ್ಟಿದೆ ಅಂತ ಹೇಳಿದ್ದು ಇದೇ ಮೊದಲು.

ಭಟ್ಟಿಯವನು ಹೋಗುವಾಗ ಒಂದು ಮಾತು ಬಿಟ್ಟು ಹೋದ. "ಪಾಪ, ನಿಮ್ಮ ಭಾವಂದೂ ತಪ್ಪು ಅನ್ನೋಕಾಗಲ್ಲ ಬಿಡಿ. ಚಟ. ಚಟ ಚಟ್ಟ ಹತ್ತಿಸ್ತು."

ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಯಾವ ಮುಖ ಇಟ್ಟುಕೊಂಡು ಬಾರಿಸಲಿ? ಆ ಮಾತು ನನ್ನ ಬಾಯಿಂದಲೇ ಹೊರಟು ಊರೆಲ್ಲ ಸುತ್ತಿ ಅವನ ಬಾಯಿಗೆ ಬಂದಿದೆ.

ಒಳಗೆ 2, ಹೊರಗೆ 2. ಮೂರು ಸಲ ಎಣಿಸಿದೆ. ಎರಡೇ ಚೂರು.

ಮಾರ್ಚ್ 23, ಶನಿವಾರ

ಅಕ್ಕನ ಮನೆ ಬಾಗಿಲವರೆಗೆ ಹೋಗಿ ಬಂದೆ. ಎರಡನೇ ಸಲ. ಬಾಯಲ್ಲಿ ಹೇಳೋಕೆ ನನ್ನ ಕೈಲಿ ಆಗಲ್ಲ. ಬಾಯಿ ನೆಟ್ಟಗಿದ್ದಿದ್ದರೆ ಇದೆಲ್ಲ ಯಾಕಾಗುತ್ತಿತ್ತು.

ಕೈಯಲ್ಲಿ ಹೇಳ್ತೀನಿ.

ಮಾರ್ಚ್ 24, ಭಾನುವಾರ

ಬೆಳಿಗ್ಗೆ ಎದ್ದು ಆ ಬಟ್ಟೆಯನ್ನ ಮತ್ತೆ ಟ್ಯಾಂಕಿನೊಳಗೆ ಹಾಕಿದೆ. ಡೀಸೆಲ್ ತುಂಬಿದೆ. ಬರೆದೂ ಇಟ್ಟೆ: ಚಿಂದಿ ಒಳಗೆ 1.

ಅಕ್ಕನ ಮನೆಗೆ ಓಡಿಸಿಕೊಂಡು ಹೋದೆ. ನಿಧಾನಕ್ಕೆ ಹೋದೆ, ನಿಲ್ಲಲಿಲ್ಲ. "ಒಂದು ರೌಂಡ್ ಹೋಗಿ ಬರೋಣ, ಹತ್ತು" ಅಂದೆ.

"ಅದರ ಮೇಲೆ ನಾನು ಹತ್ತಲ್ಲ."

"ಅಕ್ಕಾ, ನಿನ್ನ ದಮ್ಮಯ್ಯ. ಒಂದೇ ಸಲ."

ನನ್ನ ಮುಖ ನೋಡಿದಳು. ಏನು ಕಂಡಿತೋ. ಸೆರಗು ಬಿಗಿದುಕೊಂಡು ಹತ್ತಿ ಮಡ್‌ಗಾರ್ಡಿನ ಮೇಲೆ ಕೂತಳು. ಭಾವ ಇದ್ದಾಗ ಕೂರುತ್ತಿದ್ದ ಜಾಗವೇ. ಹಿಡಿದುಕೊಳ್ಳೋಕೆ ಕಂಬಿ ಎಲ್ಲಿದೆ ಅಂತ ನೋಡಲಿಲ್ಲ, ಕೈ ತಾನೇ ಹೋಯಿತು.

ಬಯಲಿನ ದಾರಿ. ಏರಿಯ ಕಡೆ ಹೋಗಲಿಲ್ಲ. ಪೂರ್ತಿ ರೈಸ್. ಹತ್ತೊಂಬತ್ತನೇ ನಿಮಿಷಕ್ಕೆ ಸದ್ದು ಬದಲಾಯಿತು. ಎಳೆತ ಬಿಟ್ಟಿತು. ಮೇಲೆ, ಕೆಳಗೆ. ನಿಂತಿತು.

"ಬಿಸಿಯಾಯ್ತಾ?" ಅಂದಳು.

"ಬಿಸಿ ಅಲ್ಲಕ್ಕ. ಭಾವ ನನ್ನ ಹತ್ರ ಎರಡು ಸಲ ಬಂದು ಹೇಳಿದ್ರು, ಹಿಂಗೆ ನಿಲ್ಲುತ್ತೆ ಅಂತ. ನಾನು ಕೇಳಲಿಲ್ಲ. ನಕ್ಕೆ. ಅವತ್ತು ಏರಿ ಮೇಲೂ ಹಿಂಗೇ ನಿಂತಿದೆ."

ಟ್ಯಾಂಕಿನ ಮುಚ್ಚಳ ತೆಗೆದು ತಂತಿ ಬಿಟ್ಟೆ. ಕೊಕ್ಕೆಗೆ ಸಿಗೋಕೆ ಸ್ವಲ್ಪ ಹೊತ್ತಾಯಿತು. ಎಳೆದೆ. ಅವಳ ಕೈಗೆ ಕೊಟ್ಟೆ. ಹಿಂಡಿದಳು. ಮೊಣಕಾಲ ಮೇಲೆ ಹರಡಿ ಅಂಗೈಯಲ್ಲಿ ಸವರಿದಳು, ಬಟ್ಟೆ ಯಾವುದೇ ಆಗಲಿ ಅವಳು ಹಾಗೇ ಸವರೋದು. 

"ಇದು ನಮ್ಮ ಕಿಟಕಿದು."

"ಹೂಂ. ನೀನು ಕೊಟ್ಟ ಚೀಲದ್ದು. ಟ್ಯಾಂಕ್ ತೊಳೆದಾಗ ಒಳಗೇ ಬಿಟ್ಟುಬಿಟ್ಟೆ. ಎಣಿಸಲಿಲ್ಲ. ನಾನೇ ಅಕ್ಕ. ಬೇರೆ ಯಾರೂ ಅಲ್ಲ."

ಟೂಲ್ ಬಾಕ್ಸಿಂದ ಬಾಟಲಿ ತೆಗೆದೆ. "ಇದನ್ನ ಮೂಸಿ ನೋಡು."

ಮುಚ್ಚಳ ತಿರುಗಿಸಿ ಮೂಗಿನ ಹತ್ತಿರ ಹಿಡಿದಳು. ಹಿಡಿದೇ ಇದ್ದಳು. 

"ಡೀಸೆಲ್ಲು."

"ಹೂಂ. ನಿಂತಾಗ ಸುರಿಯೋಕೆ ಇಟ್ಕೊಂಡಿದ್ರು."

"ಆರು ತಿಂಗಳಿಂದ ಮುಟ್ಟಿಲ್ಲ ಅಂದ್ರಲ್ಲ."

"ಮುಟ್ಟಿರಲಿಲ್ಲಕ್ಕ."

ಅಷ್ಟೇ. ಬಟ್ಟೆ ಒಂದು ಕೈಯಲ್ಲಿ, ಬಾಟಲಿ ಒಂದು ಕೈಯಲ್ಲಿ. ಇಳಿದಳು. ಅವಳು ಹೊಡೆಯಬಹುದು, ಬೈಯಬಹುದು, ಹಾಳಾಗಿ ಹೋಗು ಅಂತ ಶಾಪ ಹಾಕಬಹುದು — ಎಲ್ಲಕ್ಕೂ ತಯಾರಾಗಿ ಹೋಗಿದ್ದೆ. ಏನೂ ಇಲ್ಲ. ನಡೆದುಕೊಂಡು ಹೊರಟಳು. ಮನೆ ಇನ್ನೂ ಮೂರು ಮೈಲಿ.

"ಅಕ್ಕಾ, ಬಿಸಿಲು, ಕೂತ್ಕೋ, ಬಿಡ್ತೀನಿ" ಅಂದೆ. ತಿರುಗಲಿಲ್ಲ. ಬಹಳ ದೂರ ಹೋದ ಮೇಲೆ ಅವಳ ಬೆನ್ನು ಅಲುಗಾಡಿದ್ದು ಕಂಡಿತು. ಅಳುತ್ತಿದ್ದಳು. ಅಂತೂ ಅತ್ತಳು, ಗಂಡನಿಗೆ.

ನಾನೂ ಅತ್ತೆ. ಟ್ರ್ಯಾಕ್ಟರಿನ ಗಾಲಿಗೆ ಒರಗಿಕೊಂಡು, ಮಕ್ಕಳ ಹಾಗೆ. ಯಾರೋ ಸೈಕಲ್‌ನವರು ನಿಲ್ಲಿಸಿ, "ಕೆಟ್ಟುಹೋಯ್ತಾ ಮೇಸ್ತ್ರೀ?" ಅಂದರು. ಇಲ್ಲ, ಸರಿಯಾಯ್ತು ಅಂದೆ.

ಟ್ರ್ಯಾಕ್ಟರನ್ನ ಅವಳ ಅಂಗಳದಲ್ಲಿ ನಿಲ್ಲಿಸಿ, ಕೀ ಕಿಟಕಿಯಲ್ಲಿಟ್ಟು ಬಂದೆ. ಅವಳಿನ್ನೂ ತಲುಪಿರಲಿಲ್ಲ.

ಚಿಂದಿ ಹೊರಗೆ 1.

ಏಪ್ರಿಲ್ 2, ಮಂಗಳವಾರ

ಚೀಲ ಬಂದಿಲ್ಲ. ತಿಂಗಳ ಮೊದಲಲ್ಲೇ ಬರುತ್ತಿತ್ತು. ಅಂಗಡಿಯಿಂದ ಒಂದು ಕಟ್ಟು ವೇಸ್ಟ್ ಬಟ್ಟೆ ತಂದೆ. ಎಲ್ಲ ಬಿಳಿ. ನೂಲು ಬಿಡುತ್ತೆ.

ಭಟ್ಟಿಯವನು ಸಿಕ್ಕಿದ್ದ. ಅಕ್ಕ ಟ್ರ್ಯಾಕ್ಟರ್ ಮಾರೋಲ್ಲ ಅಂದಳಂತೆ. ಆಸ್ಪತ್ರೆಗೆ ಹೋಗಿ ಆ ಕಾಗದ ಇಸ್ಕೊಂಡು ಬಂದು ಅಕ್ಕಪಕ್ಕದ ಮನೆಗಳಿಗೆಲ್ಲ ಹೋಗಿ ಓದಿಸಿದಳಂತೆ, ಅವನಿಗೂ ಓದಿಸಿದಳಂತೆ. "ಅನ್ಯಾಯವಾಗಿ ಅಂದ್ಬಿಟ್ವಿ ಮೇಸ್ತ್ರೀ ಆ ಮನುಷ್ಯಂಗೆ. ಅಲ್ಲ, ಮೊದಲು ಹಬ್ಬಿಸಿದ್ದು ಯಾರು ಅಂತೀನಿ?"

ನಾನೇ ಅಂದೆ. ಬಟ್ಟೆಯ ವಿಷಯವನ್ನೂ ಹೇಳಿದೆ. ಅವನು ನನ್ನ ಕೈ ನೋಡಿದ, ಮುಖ ನೋಡಲಿಲ್ಲ.

ಶೆಡ್‌ಗೆ ಜನ ಕಡಿಮೆಯಾಗಿದ್ದಾರೆ. ಇವಳು, "ನಾನು ಹೇಳಿರಲಿಲ್ವಾ" ಅನ್ನುತ್ತಾಳೆ ಅಂದುಕೊಂಡಿದ್ದೆ. ಅನ್ನಲಿಲ್ಲ. ಬೀಗಕ್ಕೆ ಎಣ್ಣೆ ಬಿಟ್ಟಿದ್ದಾಳೆ.

ಏಪ್ರಿಲ್ 9, ಮಂಗಳವಾರ

ಇವತ್ತು ಹೋದೆ, ಅಕ್ಕನ ಮನೆಗೆ. ಹದಿನಾರು ದಿನ ಆಯಿತು.

ಟ್ರ್ಯಾಕ್ಟರ್ ಅಂಗಳದಲ್ಲಿದೆ. ತೊಳೆದು ಒರೆಸಿದ್ದಾಳೆ. ಭಟ್ಟಿಯವರು ಬಡಿಸಿದ ಮೇಲೂ ಮಡ್‌ಗಾರ್ಡಿನಲ್ಲಿ ಸೊಟ್ಟದ ಗುರುತು ಉಳಿದಿದೆ. ಅಡುಗೆಮನೆ ಕಿಟಕಿಗೆ ಪರದೆ ಇಲ್ಲ, ಬರೀ ಕಂಬಿ. ಒಳಗೆ ಎಲ್ಲ ಕಾಣುತ್ತೆ. ಬೀರುವಿನ ಮೇಲಿದ್ದ ಫೋಟೋ ಈಗ ಗೋಡೆಯಲ್ಲಿದೆ, ಬಾಗಿಲಿಗೆ ಎದುರಾಗಿ. ಭಾವ ನಗುತ್ತಿದ್ದಾರೆ. ಏನಯ್ಯಾ ಕಿವಿ ಡಾಕ್ಟ್ರೇ ಅನ್ನೋ ಹಾಗೇ ಇದೆ. ನೋಡೋಕಾಗಲಿಲ್ಲ.

ಹೊಲಿಗೆ ಮೆಷಿನ್ ಸದ್ದು ಕೇಳುತ್ತಿತ್ತು. ಬಾಗಿಲು ತಟ್ಟಿದೆ. "ಅಕ್ಕಾ, ನಾನು" ಅಂದೆ.

ಮೆಷಿನ್ ನಿಂತಿತು.

ಕಾದೆ. ಕುರ್ಚಿ ಸರಿದ ಸದ್ದಿಗೆ, ಹೆಜ್ಜೆಗೆ, ಚಿಲಕಕ್ಕೆ ಕಿವಿ ಕೊಟ್ಟು ಕಾದೆ. ಏನೂ ಇಲ್ಲ. ಅವಳ ಉಸಿರು ಕೂಡ ಕೇಳಿದ ಹಾಗಾಯಿತು, ಅಷ್ಟು ಹತ್ತಿರ.

ಮೆಷಿನ್ ಮತ್ತೆ ಶುರುವಾಯಿತು.

ಅಲ್ಲೇ ನಿಂತಿದ್ದೆ. ಇನ್ನೊಂದು ಸಲ ತಟ್ಟೋಣ ಅಂತ ಕೈ ಎತ್ತಿದೆ. ತಟ್ಟಲಿಲ್ಲ, ಕೈ ಇಳಿಸಿ ಮನೆಗೆ ಬಂದೆ.